ಪೆಟ್ಟಿಗೆ ಒಡೆಯದ ರಾಜಕುಮಾರಿಯರು

ನಮ್ಮ ಅಲ್ಬರ್ಟಾ ಗ್ಯಾಡ್ಸನ್ ಮನೆಗೆ ಹೋದವರು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕು. ಏನನ್ನೂ ಮುಟ್ಟುವಂತಿಲ್ಲ. ಮುಂದಿನ ಕೋಣೆಯ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಹಲಗೆ ಹೊಡೆಸಿ, ಹಲಗೆಯ ತುಂಬ ಬೊಂಬೆ ಜೋಡಿಸಿದ್ದಾಳೆ. ಎಲ್ಲವೂ ನಮ್ಮ ಕರಿಯರ ಬಣ್ಣದವು. ಕಾಫಿ ಬಣ್ಣ, ಹುರಿದ ಶೇಂಗಾದ ಬಣ್ಣ, ಕಾಕಂಬಿಯ ಬಣ್ಣ. ಅದರಲ್ಲಿ ರಾಣಿಯರಿದ್ದಾರೆ, ಮದುಮಗಳಿದ್ದಾಳೆ, ದಾದಿ ಇದ್ದಾಳೆ, ಎಲ್ಲಕ್ಕಿಂತ ಹೆಚ್ಚಾಗಿ ರಾಜಕುಮಾರಿಯರಿದ್ದಾರೆ. ಒಬ್ಬಳನ್ನೂ ಅಂಗಡಿಯಿಂದ ಬಂದ ಪೆಟ್ಟಿಗೆಯಿಂದ ಈಚೆ ತೆಗೆದಿಲ್ಲ. ಪೆಟ್ಟಿಗೆ ಒಡೆದ ಬೊಂಬೆಗೆ ಬೊಂಬೆ ಕೂಡಿಸುವವರ ನಡುವೆ ಮರ್ಯಾದೆ ಇಲ್ಲವಂತೆ. ನಾನೂ ಅವರ ಬೊಂಬೆ ಸಂಘದವಳೇ, ಆದರೆ ನನಗೆ ಇವತ್ತಿಗೂ ಆ ಲೆಕ್ಕ ಅರ್ಥವಾಗಿಲ್ಲ.

ನಾನು ವರ್ಡೀ. ಸವಾನಾ ಊರಿನಲ್ಲಿ ಅವಳ ಮನೆಯಿಂದ ಎರಡು ಬೀದಿ ಆಚೆ ನನ್ನ ತಲೆ ಬಾಚುವ ಅಂಗಡಿ. ಹದಿನೈದು ದಿನಕ್ಕೊಂದು ಶುಕ್ರವಾರ ಅವಳ ತಲೆ ನನ್ನ ಕೈಯಲ್ಲಿ. ತಲೆ ಕೊಟ್ಟು ಕೂತ ಹೆಂಗಸು ಬಾಯಿ ಕಟ್ಟಿಕೊಂಡು ಕೂರುವುದಿಲ್ಲ. ಗಂಡನ ಕಳ್ಳಾಟ, ಸೊಸೆಯ ಸೊಕ್ಕು, ಪಾದ್ರಿಯ ಹೊಸ ಕಾರು, ಎಲ್ಲ ನನ್ನ ಕಿವಿಗೆ ಬಿದ್ದೇ ಊರಿಗೆ ಹೋಗುವುದು. ಆದರೆ ಅಲ್ಬರ್ಟಾ ಮೂವತ್ತೊಂದು ವರ್ಷ ನನ್ನ ಕುರ್ಚಿಯಲ್ಲಿ ಕೂತೂ ಒಂದು ಮಾತನ್ನು ನುಂಗಿಕೊಂಡೇ ಇದ್ದಳು.

ಆ ಮಾತು ಇಷ್ಟೇ. ಅವಳ ಅಮ್ಮ ಇನೆಜ್ ನದಿಬದಿಯ ಒಂದು ಅಂಗಡಿಗೆ ಬೊಂಬೆ ಹೊಲಿದು ಕೊಡುತ್ತಿದ್ದಳು. ಎಂಥ ಬೊಂಬೆ ಅಂತೀರಿ? ಇದ್ದಿಲಿನಂಥ ಮುಖ, ಅರ್ಧ ಮುಖವನ್ನೇ ನುಂಗುವ ಕೆಂಪು ತುಟಿ, ಬಿಳಿ ಗುಂಡಿಯ ಕಣ್ಣು, ತಲೆಗೆ ಚೌಕಳಿ ಬಟ್ಟೆ, ಎರಡು ಕೈಯನ್ನೂ ಸೇರಿಸಿ ಹೊಲಿದ ಕಲ್ಲಂಗಡಿ ಹೋಳು. ಕಲ್ಲಂಗಡಿ ಸಿಕ್ಕರೆ ಕರಿಯರಿಗೆ ಬೇರೇನೂ ಬೇಡ ಎಂದು ಊರು ನೋಡಲು ಬಂದ ಬಿಳಿಯರು ನಮ್ಮನ್ನು ಆಡಿಕೊಂಡು ನಗಲಿ ಎಂದೇ ಮಾರುತ್ತಿದ್ದ ಬೊಂಬೆ ಅದು. ಅದನ್ನು ಹೊಲಿದದ್ದು ನಮ್ಮವಳೇ, ಅದೂ ತನ್ನ ಹೆತ್ತ ತಾಯಿ ಎಂಬುದನ್ನು ಅಲ್ಬರ್ಟಾ ಅರವತ್ತು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಿಡಬೇಕಾಗಿ ಬಂದದ್ದು ಹೇಗೆ ಎನ್ನುವುದನ್ನೇ ನಾನೀಗ ಹೇಳಹೊರಟಿದ್ದೇನೆ.

ಅಲ್ಬರ್ಟಾ ದುಡಿದದ್ದು ಶಾಲೆಯ ಅಡುಗೆಮನೆಯಲ್ಲಿ. ಕೆಲಸ ಬಿಟ್ಟ ಮೇಲೆ ಎರಡೇ ಹುಚ್ಚು ಉಳಿದವು, ಬೊಂಬೆಗಳದ್ದು ಮತ್ತು ರಾಜಕುಮಾರಿಯರ ಕಾರ್ಟೂನ್ ಸಿನಿಮಾಗಳದ್ದು. ಹಳೆಯದು ಹೊಸದು ಎನ್ನದೆ ತರಿಸಿ, ಕೈಯಲ್ಲೊಂದು ನೋಟ್‌ಬುಕ್ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುತ್ತಿದ್ದಳು. ಒಂದು ಭಾನುವಾರ ಚರ್ಚಿನಿಂದ ನೇರ ಅವಳ ಮನೆಗೆ ಹೋಗಿ ಊಟ ಮಾಡುತ್ತ ನಾನು ರೇಗಿಸಿದೆ.

"ಮಕ್ಕಳ ಸಿನಿಮಾ ನೋಡೋಕೆ ನೋಟ್‌ಬುಕ್ ಯಾಕೇ ತಾಯಿ? ಪರೀಕ್ಷೆ ಕಟ್ಟಿದೀಯಾ?"

"ನೀನು ಬಾಯಿ ಮುಚ್ಚಿ ಅನ್ನ ತಿನ್ನು," ಎಂದಳು. ಆಮೇಲೆ ಪರದೆಯನ್ನು ನಿಲ್ಲಿಸಿ ತೋರಿಸಿದಳು. "ನೋಡಿಲ್ಲಿ. ಒಳ್ಳೆಯವಳು ಗುಹೆಯೊಳಗೆ ಹೋದ್ರೂ ಅವಳ ಮುಖಕ್ಕೆ ಎಲ್ಲಿಂದಲೋ ಬೆಳಕು ಬರುತ್ತೆ. ಕೆಟ್ಟವಳು ಬಯಲಲ್ಲಿ ನಿಂತ್ರೂ ಮುಖ ಕಪ್ಪು. ಹಾಡೋಕೆ ನಮ್ಮವರ ಗಂಟಲು ಬೇಕು, ಆದ್ರೆ ಪರದೆ ಮೇಲೆ ಬಾಯಿ ಆಡ್ಸೋದು ಯಾವುದೋ ಪ್ರಾಣಿ."

"ಏನೋ ಕಣ್ತಪ್ಪಿ ಹಾಗೆ ಬಂದಿರುತ್ತೆ ಬಿಡೇ."

"ಅದೇ ಅಲ್ವಾ ವಿಷಯ? ಕ್ಯಾಮೆರಾದವನು ಬಿಸಿಲು ಸರಿಯಿರಲಿಲ್ಲ ಅಂತ ತಪ್ಪಿಸ್ಕೋಬಹುದು. ಚಿತ್ರ ಬರೆಯೋನು ಹೇಗೆ ತಪ್ಪಿಸ್ಕೋತಾನೆ? ಒಂದು ಹುಬ್ಬು ಇದೆ ಅಂದ್ರೆ ಯಾರೋ ಕೂತು ಬರೆದದ್ದು. ಒಂದು ತುಟಿ ದಪ್ಪ ಇದೆ ಅಂದ್ರೆ ಯಾರೋ ಒಬ್ಬ ದಪ್ಪ ಮಾಡು ಅಂದಿದಾನೆ, ಇನ್ನೊಬ್ಬ ಆಗಲಿ ಸ್ವಾಮಿ ಅಂದಿದಾನೆ. ಕಾರ್ಟೂನಿನಲ್ಲಿ ಕಣ್ತಪ್ಪು ಅನ್ನೋದೇ ಇಲ್ಲ, ವರ್ಡೀ."

ಆ ಕೊನೆಯ ಮಾತು ಹೇಳುವಾಗ ಅವಳ ದನಿ ಯಾಕೆ ಇಳಿಯಿತು ಎಂದು ನಾನು ಕೇಳಲಿಲ್ಲ. ಆಗ ನನಗೆ ಅನ್ನದ ಮೇಲೆ ಕಣ್ಣಿತ್ತು, ಅವಳು ಮಾಡುವ ಟೊಮೆಟೊ ಅನ್ನದ ರುಚಿ ಹಾಗಿರುತ್ತದೆ.

ಕೊನೆಗೂ ನಮ್ಮ ಬಣ್ಣದ ರಾಜಕುಮಾರಿಯ ಸಿನಿಮಾ ಬಂದಾಗ ಅವಳು ಈಸ್ಟರ್ ಹಬ್ಬಕ್ಕೆ ಹಾಕುವ ಅಗಲ ಟೋಪಿ ಹಾಕಿಕೊಂಡು ಹೊರಟಳು. ಹಿಂದೆ ಕೂತವರಿಗೆ ಪರದೆಯೇ ಕಾಣದು ಎಂದು ನಾನು ಟೋಪಿ ತೆಗೆಸಬೇಕಾಯಿತು. ಮೊದಲ ಸಲ ಅವಳು ಕಥೆಯನ್ನು ನೋಡಲೇ ಇಲ್ಲ. ಮೊಣಕೈ ಸರಿಯಾಗಿ ಬರೆದಿದ್ದಾರಾ, ಮೂಗು ಸೂಜಿಯಾಗಿಸಿದ್ದಾರಾ, ಮದುವೆಯ ಹೊತ್ತಿಗೆ ಬಣ್ಣ ತಿಳಿ ಮಾಡಿಬಿಟ್ಟಿದ್ದಾರಾ, ಅಷ್ಟನ್ನೇ ನೋಡುತ್ತಿದ್ದಳು. ನನ್ನ ತಕರಾರು ಬೇರೆ. ಆ ಹುಡುಗಿಯ ತಲೆ ಬಾಚುವವರು ಯಾರು ಎಂದು ಒಂದು ಸಲವೂ ತೋರಿಸಲಿಲ್ಲ. ನಮ್ಮ ಕೂದಲು ತಾನೇ ತಾನಾಗಿ ಹಾಗೆ ಕೂರುತ್ತದಾ? ಅಲ್ಬರ್ಟಾ ಹೊರಗೆ ಬಂದವಳೇ ಆ ರಾಜಕುಮಾರಿಯ ಬೊಂಬೆ ಕೊಂಡಳು, ಒಂದಲ್ಲ ನಾಲ್ಕು. ನಾಲ್ಕೂ ಪೆಟ್ಟಿಗೆಯಲ್ಲೇ ಇವೆ.

ಹೀಗಿರುವಾಗ ತಲೀಯಾ ಬಂದಳು. ಅಲ್ಬರ್ಟಾಳ ಮಗಳು ಸೈನ್ಯದಲ್ಲಿದ್ದಾಳೆ. ಒಂದು ವರ್ಷಕ್ಕೆ ಕಡಲಾಚೆ ಕಳಿಸಿದ್ದರಿಂದ ತನ್ನ ಆರು ವರ್ಷದ ಮಗಳನ್ನು ಒಂದು ಸೂಟ್‌ಕೇಸಿನ ಜೊತೆ ಇಲ್ಲಿ ಬಿಟ್ಟು ಹೋದಳು. ಸೂಟ್‌ಕೇಸಿನಲ್ಲಿ ಬಟ್ಟೆ, ಹಲ್ಲುಜ್ಜುವ ಬ್ರಷ್, ಅಮ್ಮನ ಫೋಟೋ ಇಷ್ಟೇ. ಮಗು ಮುಂದಿನ ಕೋಣೆಗೆ ಕಾಲಿಟ್ಟು, ಮೂರು ಗೋಡೆಯನ್ನೂ ಸುತ್ತ ನೋಡಿದಳು.

"ಬಿಗ್ ಮಾ, ಇವರೆಲ್ಲಾ ನನಗಾ?" ಎಂದು ಅಜ್ಜಿಯನ್ನು ಕೇಳಿದಳು.

"ಎಲ್ಲಾ ನಿನಗೇ ಕಂದ. ಆದ್ರೆ ಇವರು ನೋಡೋಕೆ, ಮುಟ್ಟೋಕಲ್ಲ."

"ಒಬ್ಬಳು? ಒಬ್ಬಳನ್ನ ಮಾತ್ರ?"

"ನೀನು ದೊಡ್ಡವಳಾದ ಮೇಲೆ."

ನಾನು ಅಲ್ಲೇ ಇದ್ದೆ. ನನ್ನ ಬಾಯಿ ಸುಮ್ಮನಿರುತ್ತದಾ? "ಏ ಅಲ್ಬರ್ಟಾ, ದೊಡ್ಡವಳಾದ ಮೇಲೆ ಅವಳು ಬೊಂಬೆ ಆಡ್ತಾಳಾ, ಗಂಡಿನ ಜೊತೆ ಜಗಳ ಆಡ್ತಾಳಾ? ಒಂದು ಪೆಟ್ಟಿಗೆ ಒಡೆದು ಕೊಡೇ," ಎಂದೆ. ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. "ಒಳಗಿದ್ರೆ ಇವರನ್ನ ಯಾರೂ ಹಾಳು ಮಾಡಲ್ಲ," ಎಂದಳು. ಬೊಂಬೆ ಕೂಡಿಸುವವರು ಮಾತ್ರ ಮಾಡಬಲ್ಲ ತಪ್ಪು ಇದು. ನೂರಾರು ಚೆಂದದ ಮುಖಗಳನ್ನು ಮಗುವಿನ ಕಣ್ಣೆದುರಿಗೇ ಇಟ್ಟು, ಅಪ್ಪಿಕೊಳ್ಳಲು ಒಂದನ್ನೂ ಬಿಡಲಿಲ್ಲ.

ಎರಡನೆಯ ವಾರ ತಲೀಯಾ ಕೈಗೆ ಬೊಂಬೆ ಸಿಕ್ಕಿತು. ಇನೆಜ್‌ಳ ಹಳೆಯ ಹೊಲಿಗೆ ಯಂತ್ರ ಹಿಂದಿನ ಕೋಣೆಯಲ್ಲಿತ್ತು. ಮಗು ದಾರ ಹುಡುಕುತ್ತ ಅದರ ಖಾನೆ ಎಳೆದಿದ್ದಾಳೆ. ಒಳಗೆ ದಿಂಬಿನ ಚೀಲದಲ್ಲಿ ಸುತ್ತಿಟ್ಟ, ಇನೆಜ್ ಹೊಲಿದ ಅಂಥದೊಂದು ಬೊಂಬೆ, ಕೆಂಪು ತುಟಿ, ಕಲ್ಲಂಗಡಿ ಹೋಳು, ಎಲ್ಲ ಹಾಗೇ. ಅಮ್ಮ ತೀರಿಕೊಂಡ ಮೇಲೆ ಅದೇ ಖಾನೆಯಲ್ಲಿ ಅಲ್ಬರ್ಟಾಗೆ ಸಿಕ್ಕಿದ್ದ ಬೊಂಬೆ ಅದು. ಎಸೆಯಲು ಕೈ ಬಂದಿರಲಿಲ್ಲ, ಇಟ್ಟುಕೊಳ್ಳಲು ಮನಸ್ಸು ಬಂದಿರಲಿಲ್ಲ, ಅಲ್ಲೇ ಬಿಟ್ಟಿದ್ದಳು. ಮಗು ಯಾರಿಗೂ ಹೇಳದೆ ಅದನ್ನು ಹಾಸಿಗೆಗೆ ಒಯ್ದಳು, ಅದಕ್ಕೆ 'ಪೆನ್ನಿ' ಎಂದು ಹೆಸರಿಟ್ಟಳು, ಭಾನುವಾರ ತನ್ನ ಕೋಟಿನೊಳಗೆ ಬಚ್ಚಿಟ್ಟುಕೊಂಡು ಚರ್ಚಿಗೂ ತಂದಳು.

ಹಾಡು ಮುಗಿದು ಎಲ್ಲರೂ ಕೂತಾಗ ಪೆನ್ನಿ ಕೋಟಿನಿಂದ ಜಾರಿ ನಡುವಿನ ದಾರಿಗೆ ಬಿತ್ತು. ಬಿದ್ದದ್ದು ಸರಿಯಾಗಿ ಮಿಸೆಸ್ ಪೆಟಿಗ್ರೂ ಅವರ ಕಾಲ ಬಳಿ.

ಮಿಸೆಸ್ ಪೆಟಿಗ್ರೂ ನಮ್ಮ ಬೊಂಬೆ ಸಂಘದ ಅಧ್ಯಕ್ಷೆ. ಎಂಬತ್ತೆರಡು ವರ್ಷ, ನಲವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದವರು, ಈಗಲೂ ಅವರು ಬರುವುದು ಕಂಡರೆ ನಾನು ಬಾಯಲ್ಲಿದ್ದ ಚೂಯಿಂಗ್ ಗಮ್ ಉಗುಳಿಬಿಡುತ್ತೇನೆ. ನಮ್ಮ ಸಂಘದಲ್ಲಿ ಒಂದು ಕಟ್ಟಳೆ ಇದೆ. ನಮ್ಮವರನ್ನು ಆಡಿಕೊಳ್ಳುವ ಅಂಥ ಬೊಂಬೆ ಯಾರ ಅಟ್ಟದಲ್ಲಿ ಸಿಕ್ಕರೂ ಸಂಘಕ್ಕೆ ತಂದೊಪ್ಪಿಸಬೇಕು, ವರ್ಷದ ಪ್ರದರ್ಶನದ ದಿನ ಚರ್ಚಿನ ಹಿತ್ತಿಲಲ್ಲಿ ಕಬ್ಬಿಣದ ಪೀಪಾಯಿಯೊಳಗೆ ಸುಡಬೇಕು. ಅವರು ಕೈಗವಸು ಹಾಕಿದ ಕೈಯಿಂದ ಬೊಂಬೆಯನ್ನು ಎತ್ತಿದರು, ಸತ್ತ ಇಲಿ ಎತ್ತುವ ಹಾಗೆ.

"ಇದು ಯಾರ ಮನೆಯದು?"

"ನನ್ನದು ಮ್ಯಾಮ್! ಅವಳು ಪೆನ್ನಿ," ಎಂದಳು ತಲೀಯಾ.

ಮಿಸೆಸ್ ಪೆಟಿಗ್ರೂ ಅಲ್ಬರ್ಟಾಳ ಕಡೆ ತಿರುಗಿದರು. "ಸಿಸ್ಟರ್ ಗ್ಯಾಡ್ಸನ್, ಇದು ಹೇಗೆ ಬಂತು?"

ಅಲ್ಬರ್ಟಾ ಎದ್ದು ನಿಂತು, ಕಣ್ಣೆತ್ತದೆ, "ಯಾವುದೋ ಹಳೇ ಸಾಮಾನಿನ ಜೊತೆ ಬಂದಿರಬೇಕು, ಮ್ಯಾಮ್. ಪ್ರದರ್ಶನದ ದಿನ ತಂದುಕೊಡ್ತೀನಿ," ಎಂದಳು. ತಲೀಯಾ ಬೊಂಬೆಯನ್ನು ಮಿಸೆಸ್ ಪೆಟಿಗ್ರೂ ಅವರ ಕೈಯಿಂದ ಕಿತ್ತು, ಅವುಚಿಕೊಂಡು ಅತ್ತ ಅಳು ಪಾದ್ರಿಯ ಬೋಧನೆಯನ್ನೂ ಮುಚ್ಚಿಹಾಕಿತು. ಪ್ರದರ್ಶನಕ್ಕೆ ಎರಡು ವಾರ ಇತ್ತು.

ಆ ಶುಕ್ರವಾರ ಅಲ್ಬರ್ಟಾ ನನ್ನ ಕುರ್ಚಿಯಲ್ಲಿ ಕೂತಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ತಲೀಯಾ ಮೂಲೆಯಲ್ಲಿ ನೆಲದ ಮೇಲೆ, ಪೆನ್ನಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಏನೋ ಮಾಡುತ್ತಿದ್ದಳು. ನಾನು ಅಲ್ಬರ್ಟಾಳ ಕೂದಲು ತೊಳೆದು, ಎಣ್ಣೆ ಹಚ್ಚಿ, ಬೈತಲೆ ತೆಗೆಯುತ್ತಿದ್ದೆ. ಆಗ ಅವಳು ಕನ್ನಡಿಯಲ್ಲಿ ನನ್ನನ್ನು ನೋಡದೆ ಹೇಳಿದಳು.

"ಅದನ್ನ ಹೊಲಿದದ್ದು ನಮ್ಮಮ್ಮ."

ನನ್ನ ಕೈಯ ಬಾಚಣಿಗೆ ಅಲ್ಲೇ ನಿಂತಿತು.

"ವಾರಕ್ಕೆ ಎರಡು ಡಜನ್ ಹೊಲೀತಿದ್ಲು. ಅಂಗಡಿಯವನು ಒಂದು ಮಾದರಿ ಕೊಟ್ಟಿದ್ದ. ತುಟಿ ಇನ್ನೂ ದಪ್ಪ ಇರ್ಲಿ, ಇನೆಜ್, ಜನ ನಗಬೇಕು, ಅಂತಿದ್ದ. ಅವಳು ಆಗಲಿ ಸ್ವಾಮಿ ಅಂತಿದ್ಲು. ಅಪ್ಪ ಇರಲಿಲ್ಲ, ನಾವು ಐದು ಜನ ಮಕ್ಕಳು, ಅವಳು ಇನ್ನೇನು ಮಾಡ್ತಿದ್ಲು ಹೇಳು? ನಾನು ಎಂಟು ವರ್ಷದವಳಿದ್ದಾಗ ಒಂದು ಶನಿವಾರ ನಮ್ಮನ್ನ ಸಿನಿಮಾಗೆ ಕರ್ಕೊಂಡು ಹೋದ್ಲು. ಆಗ ನಾವು ಬಿಳಿಯರ ಪಕ್ಕ ಕೂರೋ ಹಾಗಿರಲಿಲ್ಲ, ನಮಗೆ ಮೇಲಿನ ಬಾಲ್ಕನಿ, ಅವರಿಗೆ ಕೆಳಗೆ. ರಾಜಕುಮಾರಿ ಸಿನಿಮಾ ಶುರು ಆಗೋಕೆ ಮುಂಚೆ ಒಂದು ಚಿಕ್ಕ ಕಾರ್ಟೂನ್ ಹಾಕಿದ್ರು. ಅದರಲ್ಲಿ ನಮ್ಮವನೊಬ್ಬ. ಕರೀ ಮುಖ, ಕೆಂಪು ತುಟಿ, ಕಲ್ಲಂಗಡಿ. ಕೆಳಗಿನವರು ನಕ್ಕರು. ಮೇಲಿನ ಮಕ್ಕಳೂ ನಕ್ಕರು. ನಾನೂ ನಕ್ಕೆ, ವರ್ಡೀ. ನಕ್ಕು, ಎದ್ದು ನಿಂತು, 'ಅಮ್ಮಾ ನೋಡು, ನೀನು ಹೊಲಿಯೋ ಬೊಂಬೆ!' ಅಂತ ಕೂಗಿದೆ. ಹೆಮ್ಮೆಯಿಂದ ಕೂಗಿದೆ ಕಣೇ. ನಮ್ಮಮ್ಮನ ಕೆಲಸ ಸಿನಿಮಾಗೆ ಬಂದಿದೆ ಅನ್ಕೊಂಡಿದ್ದೆ."

"ಆಮೇಲೆ?"

"ನನ್ನ ಬಾಯಿಗೆ ಅಡ್ಡ ಕೈ ಇಟ್ಟಳು. ಇಡೀ ಸಿನಿಮಾ ತೆಗೀಲಿಲ್ಲ. ರಾಜಕುಮಾರಿನ ನಾನು ನೋಡಿದ್ದು ಅವಳ ಬೆರಳಿನ ಮೇಲಿಂದ. ಆವತ್ತಿನಿಂದ ಹೊಲಿಗೆ ಕೋಣೆಗೆ ನಮ್ಮನ್ನ ಬಿಡಲಿಲ್ಲ."

ಅವಳು ಹೇಳುತ್ತಿದ್ದಳು, ನನಗೆ ಕಿವಿಯೊಳಗೆ ಬೇರೆಯೇ ದನಿ ಕೇಳುತ್ತಿತ್ತು. ಅದು ನನ್ನದೇ ದನಿ. ಹನ್ನೆರಡು ವರ್ಷದ ಹಿಂದೆ ಸಂಘದಲ್ಲಿ ಅಂಥದೊಂದು ಬೊಂಬೆ ಸುಡುವಾಗ ನಾನು ಎಲ್ಲರಿಗೂ ಕೇಳುವಂತೆ, "ಇದನ್ನ ಹೊಲಿದವಳ ಕೈ ಕೊಳೆತು ಬೀಳಲಿ," ಎಂದು ಶಪಿಸಿದ್ದೆ. ಎಲ್ಲರೂ 'ಆಮೆನ್' ಅಂದಿದ್ದರು. ಅಲ್ಬರ್ಟಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಆ ಮುಂದಿನ ಶುಕ್ರವಾರ ಎಂದಿನಂತೆ ಬಂದು, ಎಂದಿನಂತೆ ತಲೆ ಕೊಟ್ಟು ಕೂತಿದ್ದಳು. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

"ಅಲ್ಬರ್ಟಾ," ಎಂದೆ. "ಆವತ್ತು ನಾನು ಪೀಪಾಯಿ ಮುಂದೆ ಅಂದದ್ದು..."

"ನೆನಪಿದೆ."

"ನನಗೆ ಗೊತ್ತಿರಲಿಲ್ಲ ಕಣೇ."

"ಗೊತ್ತಿರಲಿಲ್ಲ ಅಂತ ನನಗೂ ಗೊತ್ತು. ಅವಳ ಕೈ ಕೊಳೀಲಿಲ್ಲ, ವರ್ಡೀ. ಗಂಟು ಕಟ್ಟಿದ್ವು. ಕೊನೇ ವರ್ಷಗಳಲ್ಲಿ ಚಮಚ ಹಿಡಿಯೋಕೂ ಬರ್ತಿರಲಿಲ್ಲ, ನಾನೇ ತುತ್ತು ಕೊಡ್ತಿದ್ದೆ."

ಟವೆಲಿನಿಂದ ಮೂಗು ಒರೆಸಿಕೊಂಡು ಬೈತಲೆ ತೆಗೆಯುವುದನ್ನು ಮುಂದುವರಿಸಿದೆ. ಅಳು ಬಂದಾಗ ಕೈಗೆ ಕೆಲಸ ಇರುವುದು ಒಳ್ಳೆಯದು.

ಆಗ ಮೂಲೆಯಿಂದ ತಲೀಯಾ, "ಪೆನ್ನಿ ಬಿಟ್ಟುಬಿಟ್ಟಳು!" ಎಂದು ಕೂಗಿದಳು. ನೋಡಿದರೆ ನಾನು ತಲೆಗೆ ಚೌರಿ ಸೇರಿಸಿ ಹೊಲಿಯುವ ಕೊಕ್ಕೆಸೂಜಿಯನ್ನು ತೆಗೆದುಕೊಂಡು, ಬೊಂಬೆಯ ಕೈಗಳಿಂದ ಕಲ್ಲಂಗಡಿ ಹೋಳನ್ನು ಒಂದೊಂದೇ ಹೊಲಿಗೆ ಬಿಚ್ಚಿ ಬಿಡಿಸಿದ್ದಳು.

"ಅಯ್ಯೋ ಮಗಳೇ, ಯಾಕೆ ಬಿಚ್ಚಿದೆ?" ಎಂದೆ.

"ಪೆನ್ನಿಗೆ ಕೈ ಹಿಡ್ಕೊಳ್ಳೋಕೇ ಬರ್ತಿರಲಿಲ್ಲ, ಮಿಸ್ ವರ್ಡೀ. ಯಾವಾಗ್ಲೂ ಇದನ್ನೇ ಹಿಡ್ಕೊಂಡಿರಬೇಕಿತ್ತು. ನೋಡಿ, ಒಳಗಡೆ ನನ್ನ ಥರಾನೇ ಇದೆ."

ಬೊಂಬೆಯ ಕೈಯನ್ನು ಮಗು ನಮ್ಮ ಕಡೆ ತಿರುಗಿಸಿದಳು. ಹೊರಗೆ ಇದ್ದಿಲುಗಪ್ಪು. ಒಳಗೆ ಅಂಗೈಗೆ ಬೇರೆಯೇ ಬಟ್ಟೆ, ತಿಳಿ ಕಂದು, ನಸುಗೆಂಪು. ನಮ್ಮ ಅಂಗೈ ಇರುವ ಬಣ್ಣವೇ. ಅದರ ಮೇಲೆ ಎಳೆ ದಾರದಲ್ಲಿ ಕೈರೇಖೆಗಳು, ಮೂರು, ನೀಟಾಗಿ ಕಸೂತಿ ಮಾಡಿದ್ದು. ಮಗು ತನ್ನ ಅಂಗೈಯನ್ನು ಅದರ ಪಕ್ಕದಲ್ಲಿ ಹಿಡಿದಳು. ಅಲ್ಬರ್ಟಾ ಒದ್ದೆ ತಲೆಯಲ್ಲೇ ಎದ್ದು ಬಂದು, ಮೊಣಕಾಲೂರಿ ಕೂತು, ಆ ಪುಟ್ಟ ಅಂಗೈಯನ್ನು ಹೆಬ್ಬೆರಳಿನಿಂದ ಸವರಿದಳು.

"ಕಲ್ಲಂಗಡಿ ಹೊಲಿದ ಮೇಲೆ ಇದು ಯಾರಿಗೂ ಕಾಣೋ ಹಾಗಿರಲಿಲ್ಲ," ಎಂದಳು. "ಯಾರಿಗೂ ಕಾಣದ ಕಡೆ ಯಾಕಮ್ಮಾ ಇಷ್ಟು ಕಷ್ಟಪಟ್ಟೆ?"

ಅವಳು ಕೇಳಿದ್ದು ನಮ್ಮನ್ನಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ಇದೊಂದಕ್ಕೆ ಮಾತ್ರಾನಾ, ಎಲ್ಲದಕ್ಕೂನಾ?"

ನಾನು ಅಂಗಡಿಗೆ ಬೀಗ ಹಾಕಿದೆ. ಅವಳ ತಲೆಗೆ ಬಟ್ಟೆ ಸುತ್ತಿ, ಮಗುವನ್ನು ಹಿಂದೆ ಕೂರಿಸಿಕೊಂಡು, ಹೆದ್ದಾರಿ ಪಕ್ಕದ ಹಳೇ ಸಾಮಾನಿನ ಮಳಿಗೆಗೆ ಕಾರು ಓಡಿಸಿದೆ. ಅಲ್ಲಿ ಗಾಜಿನ ಕಪಾಟಿನಲ್ಲಿ ಇಂಥ ಬೊಂಬೆಗಳು ಇರುವುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಮೂರು ಇದ್ದವು. ಅಲ್ಬರ್ಟಾ ಬೊಂಬೆಗಳ ಲಂಗದ ಅಂಚು ಮಗುಚಿ ನೋಡಿ ಎರಡನ್ನು ಪಕ್ಕಕ್ಕಿಟ್ಟಳು. ಮೂರನೆಯದರ ಅಂಚಿನ ಹೊಲಿಗೆ ಅವಳ ಅಮ್ಮನದು. ಮಳಿಗೆಯ ಬಿಳಿ ಮುದುಕ ನಮ್ಮನ್ನು ನೋಡಿ ಪೆಚ್ಚಾದ.

"ಜನ ಕೇಳ್ತಾರೆ ಮೇಡಂ. ಅದಕ್ಕೇ ಇಟ್ಟಿದೀನಿ, ಇನ್ನೇನಿಲ್ಲ."

"ಆಗಲೂ ಜನ ಕೇಳ್ತಿದ್ರಂತೆ," ಎಂದಳು ಅಲ್ಬರ್ಟಾ.

ನಾನು ತಲೆಯಿಂದ ಒಂದು ಪಿನ್ನು ಕಿತ್ತು, ಅವನು ಬೇಡ ಬೇಡ ಎನ್ನುತ್ತಿರುವಾಗಲೇ ಬೊಂಬೆಯ ಕೈಯನ್ನು ಹಣ್ಣಿನಿಂದ ತುಸು ಎತ್ತಿದೆ. ಸಂದಿಯಲ್ಲಿ ಅದೇ ತಿಳಿ ಕಂದು ಬಟ್ಟೆ, ಅದೇ ರೇಖೆ. ವಾರಕ್ಕೆ ಎರಡು ಡಜನ್, ಎಷ್ಟೋ ವರ್ಷ! ಎಷ್ಟು ಅಂಗೈಗಳಿಗೆ ಆ ಹೆಂಗಸು ಗೆರೆ ಬರೆದಿರಬೇಕು? ಅವನ್ನು ಕೊಂಡು ನಕ್ಕವರು ಒಬ್ಬರೂ ಅದನ್ನು ನೋಡಿರಲಾರರು.

ಮುಂದಿನ ವಾರವೆಲ್ಲ ಅಲ್ಬರ್ಟಾ ತನ್ನ ಸಿನಿಮಾಗಳನ್ನು ಮತ್ತೆ ಹಾಕಿಕೊಂಡು ಕೂತಳು. ಪಕ್ಕದಲ್ಲಿ ತಲೀಯಾ, ತಲೀಯಾಳ ತೊಡೆಯಲ್ಲಿ ಪೆನ್ನಿ. ಈ ಸಲ ನೋಟ್‌ಬುಕ್ ಇಲ್ಲ. ಹಳೆಯ ಸಿನಿಮಾಗಳಲ್ಲಿ ಎಲ್ಲಿ ಒಂದು ಕರೀ ಕೈ ಬಂದರೂ, ಸೇವಕನದೋ, ಮಾಟಗಾತಿಯದೋ, ಅಲ್ಲಿಗೆ ನಿಲ್ಲಿಸಿ ಹತ್ತಿರ ಹೋಗಿ ನೋಡುತ್ತಿದ್ದಳು.

"ಏನು ಹುಡುಕ್ತಿದೀಯೇ?" ಎಂದೆ.

"ಬರೆದವರಲ್ಲಿ ಯಾರಾದ್ರೂ ನಮ್ಮಮ್ಮನ ಹಾಗೆ ಏನಾದ್ರೂ ಬಚ್ಚಿಟ್ಟಿದಾರಾ ಅಂತ."

"ಸಿಕ್ಕಿತಾ?"

"ಇಲ್ಲ." ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಎಷ್ಟು ಕೋಪ ಇಟ್ಕೊಂಡಿದ್ದೆ ಇವರ ಮೇಲೆ. ಈಗ್ಲೂ ಇದೆ. ಕೆಲವರು ನಕ್ಕೊಂಡೇ ಬರೆದಿದಾರೆ, ಅದು ಗೆರೆ ನೋಡಿದ್ರೇ ಗೊತ್ತಾಗುತ್ತೆ. ಅವರನ್ನ ನಾನು ಕ್ಷಮಿಸಲ್ಲ. ಆದ್ರೆ ಒಬ್ಬನಾದ್ರೂ ಹೊಟ್ಟೆಪಾಡಿಗೆ ಬರೆದು ಮನೆಗೆ ಹೋಗಿ ಹೆಂಡತಿ ಮುಂದೆ ಮುಖ ಎತ್ತದೆ ಊಟ ಮಾಡಿರಬಹುದು. ಅವನ ಮಗಳಿಗೆ ಅದು ಗೊತ್ತೇ ಇಲ್ಲದೆ ಇರಬಹುದು."

"ನಿಮ್ಮಮ್ಮ ಮಾಡಿದ್ದು ಸರಿ ಅಂತೀಯಾ?"

"ಸರಿ ಅಂತ ಅನ್ನೋಲ್ಲ. ಆ ತುಟಿಗಳೂ ಅವಳೇ ಹೊಲಿದದ್ದು. ಅಂಗೈ ಚೆಂದ ಮಾಡಿದ್ಲು ಅಂತ ಮುಖ ಸುಳ್ಳಾಗಲ್ಲ, ವರ್ಡೀ." ಪೆನ್ನಿಯ ತಲೆಯ ಬಟ್ಟೆ ಸರಿಮಾಡಿದಳು. "ಆದ್ರೆ ಅವಳನ್ನ ಪೀಪಾಯಿಗೆ ಹಾಕೋಕೆ ನನ್ನಿಂದ ಆಗಲ್ಲ."

"ಹಾಕದೆ ಇರಬೇಕು ಅಂದ್ರೆ ಯಾಕೆ ಅಂತ ಎಲ್ಲರ ಮುಂದೆ ಹೇಳಬೇಕಾಗುತ್ತೆ."

"ಹೂಂ," ಎಂದಳು. ಅರವತ್ತೆಂಟು ವರ್ಷದ ಹೆಂಗಸು, ಬಿಸಿ ಎಣ್ಣೆಯ ಬಾಣಲೆ ಮುಂದೆ ಮೂವತ್ತು ವರ್ಷ ನಿಂತವಳು, ನಲವತ್ತು ಜನ ಹೆಂಗಸರಿಗೆ ಹೆದರುತ್ತಿದ್ದಳು.

ಪ್ರದರ್ಶನದ ಶನಿವಾರ ಚರ್ಚಿನ ಊಟದ ಮನೆಯಲ್ಲಿ ಮೇಜುಗಳಿಗೆಲ್ಲ ಬಿಳಿ ಬಟ್ಟೆ ಹಾಸಿ ಬೊಂಬೆಗಳನ್ನು ನಿಲ್ಲಿಸಿದ್ದೆವು. ಪ್ರತಿಯೊಂದರ ಮುಂದೂ ಒಂದು ಚೀಟಿ. ಬೊಂಬೆಯ ಹೆಸರು, ವರ್ಷ, ಮಾಡಿದವರು ಯಾರು, ಎಲ್ಲ ಮಿಸೆಸ್ ಪೆಟಿಗ್ರೂ ಅವರ ದುಂಡಗಿನ ಕೈಬರಹದಲ್ಲಿ. ಹಿತ್ತಿಲಲ್ಲಿ ಪೀಪಾಯಿಗೆ ಸೌದೆ ತುಂಬಿತ್ತು. ಪ್ರತಿ ವರ್ಷ ಅಲ್ಬರ್ಟಾ ರಾಜಕುಮಾರಿಯರ ಸಿನಿಮಾ ಬಗ್ಗೆ ಹತ್ತು ನಿಮಿಷ ಮಾತಾಡುವುದು ವಾಡಿಕೆ. ಈ ಸಲ ಅವಳು ಎದ್ದಾಗ ಕೈಯಲ್ಲಿ ಪೆನ್ನಿ ಇತ್ತು. ತಲೀಯಾ ಮುಂದಿನ ಸಾಲಿನಿಂದ ಅದನ್ನೇ ನೋಡುತ್ತ ತುಟಿ ಕಚ್ಚಿ ಕೂತಿದ್ದಳು.

"ಇಷ್ಟು ವರ್ಷ ನಾನು ನಿಮಗೆ ಒಂದೇ ಪ್ರಶ್ನೆ ಕೇಳ್ತಾ ಬಂದೆ," ಎಂದಳು ಅಲ್ಬರ್ಟಾ. "ನಮ್ಮನ್ನ ಹೀಗೆ ಬರೆದ ಕೈ ಯಾರದು ಅಂತ. ಈ ಬೊಂಬೆ ಮಟ್ಟಿಗೆ ನನಗೆ ಉತ್ತರ ಗೊತ್ತಿತ್ತು. ಎಂಟು ವರ್ಷದವಳಿದ್ದಾಗಿಂದ ಗೊತ್ತಿತ್ತು. ಇದನ್ನ ಹೊಲಿದದ್ದು ನನ್ನ ತಾಯಿ."

ಯಾರೋ ಒಬ್ಬಳು 'ಜೀಸಸ್' ಎಂದಳು. ಅಲ್ಬರ್ಟಾ ನಿಲ್ಲಿಸಲಿಲ್ಲ. ಬಾಲ್ಕನಿಯ ಕಥೆ, ತಾನು ನಕ್ಕದ್ದು, ಕೂಗಿದ್ದು, ಬಾಯಿಯ ಮೇಲಿನ ಕೈ, ಎಲ್ಲವನ್ನೂ ಹೇಳಿದಳು. ಬೊಂಬೆಯ ಕೈಗಳನ್ನು ಬಿಡಿಸಿ ಅಂಗೈ ತೋರಿಸಿದಳು. ಹಿಂದಿನ ಸಾಲಿನವರು ಎದ್ದು ಬಂದು ಬಗ್ಗಿ ನೋಡತೊಡಗಿದರು. ಒಬ್ಬಳು ತನ್ನ ಅಂಗೈಯನ್ನು ತಾನೇ ನೋಡಿಕೊಂಡಳು. ಮಿಸೆಸ್ ಪೆಟಿಗ್ರೂ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಅಲ್ಬರ್ಟಾ," ಎಂದರು. ಚರ್ಚಿನ ವಾಡಿಕೆಯಂತೆ ಸಿಸ್ಟರ್ ಎನ್ನಲಿಲ್ಲ. "ನನ್ನ ಮಗಳು ಐದು ವರ್ಷದವಳಿದ್ದಾಗ ಆ ಅಂಗಡಿಯ ಗಾಜಿನ ಮುಂದೆ ನಿಂತು, 'ಅಮ್ಮಾ, ಅದು ನಾನಾ?' ಅಂತ ಕೇಳಿದಳು. ಅವಳು ನೋಡಿದ್ದು ನಿಮ್ಮಮ್ಮ ಹೊಲಿದದ್ದೇ ಇರಬಹುದು."

"ಇರಬಹುದು, ಮ್ಯಾಮ್."

"ಕೈಯೊಳಗೆ ಏನಿದೆ ಅಂತ ನನ್ನ ಮಗುವಿಗೆ ಕಾಣಲಿಲ್ಲ."

"ಇಲ್ಲ ಮ್ಯಾಮ್. ಕಾಣಲಿಲ್ಲ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಇದನ್ನ ಚೆಂದ ಅನ್ನಿ ಅಂತ ನಾನು ಕೇಳ್ತಾ ಇಲ್ಲ. ಸುಡಬೇಡಿ ಅಂತಷ್ಟೇ ಕೇಳ್ತಿದೀನಿ."

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಕುಣಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಮಿಸೆಸ್ ಪೆಟಿಗ್ರೂ ಕೈಚೀಲದಿಂದ ಒಂದು ಖಾಲಿ ಚೀಟಿ ಮತ್ತು ಪೆನ್ನು ತೆಗೆದರು.

"ತಾಯಿಯ ಪೂರ್ತಿ ಹೆಸರು ಹೇಳು."

"ಇನೆಜ್ ರೂತ್ ಗ್ಯಾಡ್ಸನ್."

ಅವರು ನಿಧಾನವಾಗಿ ಬರೆದರು. 'ಹೊಲಿದವರು: ಇನೆಜ್ ರೂತ್ ಗ್ಯಾಡ್ಸನ್, ಸವಾನಾ.' ಚೀಟಿಯನ್ನು ಮೇಜಿನ ತುದಿಯಲ್ಲಿಟ್ಟು, ಬೊಂಬೆಯ ಕಡೆ ಒಂದು ಸಲವೂ ನೋಡದೆ, ಕೋಲೂರಿಕೊಂಡು ಹೊರಗೆ ಹೋದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವರಿಗೂ ಅವರ ಮಗಳಿದ್ದಾಳೆ.

ಅಲ್ಬರ್ಟಾ ಬೊಂಬೆಯನ್ನು ಚೀಟಿಯ ಹಿಂದೆ ಕೂರಿಸಿ, ಪಕ್ಕದ ಕುರ್ಚಿಯ ಮೇಲೆ ಕುಸಿದಳು. ತಲೀಯಾ ಹತ್ತಿರ ಬಂದಳು.

"ಬಿಗ್ ಮಾ, ಪೆನ್ನಿಯನ್ನ ನಿಮ್ಮಮ್ಮ ನಿಮಗೆ ಅಂತ ಹೊಲಿದಿದ್ದಾ?"

"ಇಲ್ಲ ಕಂದ. ಅಷ್ಟೊಂದು ಹೊಲಿದಳು, ನನಗೆ ಅಂತ ಒಂದೂ ಹೊಲೀಲಿಲ್ಲ. ಆ ಮುಖ ನನ್ನ ಕೈಗೆ ಕೊಡೋಕೆ ಅವಳಿಗೆ ಮನಸ್ಸಾಗಲಿಲ್ಲ."

"ಬೇರೆ ಬೊಂಬೆ?"

"ಕೊಳ್ಳೋಕೆ ದುಡ್ಡು ಎಲ್ಲಿತ್ತು?"

"ಹಾಗಾದ್ರೆ ಚಿಕ್ಕವರಿದ್ದಾಗ ನೀವು ಯಾವುದರ ಜೊತೆ ಆಡ್ತಿದ್ರಿ?"

ನಾಲ್ಕು ನೂರು ಬೊಂಬೆಗಳ ಒಡತಿ ನಮ್ಮೆಲ್ಲರೆದುರು ತನ್ನ ಖಾಲಿ ಕೈಗಳನ್ನು ನೋಡಿಕೊಂಡಳು. ಪ್ರದರ್ಶನಕ್ಕಿಟ್ಟದ್ದನ್ನು ಮುಟ್ಟಬಾರದು ಎನ್ನುವುದು ತಲೀಯಾಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಮೇಜಿನಿಂದ ಪೆನ್ನಿಯನ್ನು ಎತ್ತಿ ಅಜ್ಜಿಯ ಮಡಿಲಲ್ಲಿಟ್ಟಳು.

"ಈಗ ಆಡಿ," ಎಂದಳು.

ಅಲ್ಬರ್ಟಾ ಎರಡು ಕೈಯನ್ನೂ ಮುಂದೆ ತಂದಳು, ಮತ್ತೆ ಹಿಂದೆ ತೆಗೆದುಕೊಂಡಳು. ಬೊಂಬೆಯನ್ನು ಎತ್ತಿಕೊಳ್ಳುವುದು ಹೇಗೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ತಲೀಯಾ ಅವಳ ಮೊಣಕೈ ಬಾಗಿಸಿ, ಬೊಂಬೆಯ ತಲೆಯನ್ನು ಅದರ ಮೇಲಿಟ್ಟು, "ಹೀಗೆ, ಬಿಗ್ ಮಾ," ಎಂದು ತೋರಿಸಿಕೊಟ್ಟಳು.